ಬಾರ್ಬರಾ ಮೋರ್ಗೆನ್‌ಸ್ಟೆರ್ನ್ ಆಲ್ಬಮ್‌ಗಳು: ಯಾವುದನ್ನು ಕೊಳ್ಳಬೇಕು, ಹೇಗೆ ಕೊಳ್ಳಬೇಕು

ಬರ್ಲಿನ್ನಿನ ಎಲೆಕ್ಟ್ರಾನಿಕ್ ಪಾಪ್ ಗಾಯಕಿ ಬಾರ್ಬರಾ ಮೋರ್ಗೆನ್‌ಸ್ಟೆರ್ನ್ ತಾವೇ ಸಾಹಿತ್ಯ ಬರೆದು, ತಾವೇ ರಾಗ ಹಾಕಿ, ಕೀಬೋರ್ಡ್ ನುಡಿಸುತ್ತ ಹಾಡುವವರು. 1998ರಿಂದ ಇಂದಿನವರೆಗೆ ದೊಡ್ಡ ಕಂಪನಿಗಳ ಹಂಗಿಲ್ಲದೆ, ಸಣ್ಣ ಸ್ವತಂತ್ರ ಲೇಬಲ್‌ಗಳ, ಅಂದರೆ ಸಂಗೀತ ಪ್ರಕಟಿಸುವ ಸಂಸ್ಥೆಗಳ ಮೂಲಕ ಅವರು ಆಲ್ಬಮ್‌ಗಳನ್ನು ಹೊರತಂದಿದ್ದಾರೆ. ಹೆಚ್ಚಿನವು ಜರ್ಮನ್‌ನಲ್ಲಿವೆ, ನಡುವೆ ಒಂದು ಪೂರ್ತಿ ಇಂಗ್ಲಿಷ್ ಆಲ್ಬಮ್ ಇದೆ, ಅದಾದ ಮೇಲೆ ಅವರು ಮತ್ತೆ ಜರ್ಮನ್‌ಗೆ ಮರಳಿ, ಈಗ ಅದರಲ್ಲೇ ನೆಲೆಯೂರಿದ್ದಾರೆ. ಬೆಂಗಳೂರಿನಲ್ಲಿ ಕುಳಿತು ಈ ಆಲ್ಬಮ್‌ಗಳನ್ನು ಹಣ ಕೊಟ್ಟು ಕೊಳ್ಳಬಹುದೇ, ಕೊಳ್ಳುವುದಾದರೆ ಯಾವುದನ್ನು ಮೊದಲು ಕೊಳ್ಳಬೇಕು ಎಂಬುದು ಈ ವಿಮರ್ಶೆಯ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಂಗ್ಲಿಷ್ ಚೆನ್ನಾಗಿ ಬಲ್ಲ, ಜರ್ಮನ್ ಅಷ್ಟಾಗಿ ಬಾರದ ನಮ್ಮಂಥ ಕೇಳುಗರಿಗೂ ಅವರ ಜರ್ಮನ್ ಆಲ್ಬಮ್‌ಗಳೇ ಹೆಚ್ಚು ಹತ್ತಿರವಾಗುತ್ತವೆ. ಅರ್ಥ ತಿಳಿಯುವ ಇಂಗ್ಲಿಷ್ ಆಲ್ಬಮ್ಮೇ ಅವುಗಳಲ್ಲಿ ಸಪ್ಪೆ.

ಮೋರ್ಗೆನ್‌ಸ್ಟೆರ್ನ್ ಹುಟ್ಟಿದ್ದು 1971ರಲ್ಲಿ, ಪಶ್ಚಿಮ ಜರ್ಮನಿಯ ರೂರ್ ಪ್ರದೇಶದ ಅಂಚಿನಲ್ಲಿರುವ ಹಾಗೆನ್ ಪಟ್ಟಣದಲ್ಲಿ. ಜರ್ಮನ್ ಪಾಪ್ ಸಂಗೀತದ ಚರಿತ್ರೆಯಲ್ಲಿ ಈ ಊರಿಗೆ ಅದರ ಗಾತ್ರಕ್ಕೆ ಮೀರಿದ ಸ್ಥಾನವಿದೆ. 1980ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನ್ ಭಾಷೆಯಲ್ಲೇ ಸಿಂಥಸೈಜರ್ ಪಾಪ್ ಹಾಡಿ ಮನೆಮಾತಾದ 'ನ್ಯೂ ಜರ್ಮನ್ ವೇವ್' ಪೀಳಿಗೆಯ ಗಾಯಕಿ ನೆನಾ 1960ರಲ್ಲಿ ಹುಟ್ಟಿದ್ದು ಇಲ್ಲಿಯೇ. ಆನೆಟ್ಟೆ ಮತ್ತು ಇಂಗಾ ಹುಂಪೆ ಸೋದರಿಯರ ಜನ್ಮಸ್ಥಳವೂ ಇದೇ. ಎಕ್ಸ್‌ಟ್ರಾಬ್ರೈಟ್ ತಂಡವೂ ಈ ಊರಿನದೇ. ನೆನಾ ಅವರ ಬಲೂನಿನ ಹಾಡು 1984ರಲ್ಲಿ ಜರ್ಮನ್ ರೂಪದಲ್ಲೇ ಅಮೆರಿಕದ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿದ್ದು ಪಾಪ್ ಚರಿತ್ರೆ ಓದಿದವರಿಗೆ ಗೊತ್ತಿರುವ ಸಂಗತಿ. ಆ ಅಲೆ ಬಂದಷ್ಟೇ ಬೇಗ ಇಳಿಯಿತು. ಮುಂದೆ ಟೆಕ್ನೋ ಎಂಬ ಯಂತ್ರತಾಳದ ಕುಣಿತ ಸಂಗೀತದ ಕಾಲದ ಬರ್ಲಿನ್ನಿನಲ್ಲಿ ಹಾಡಿನ ಸಾಹಿತ್ಯವೇ ಹಿಂದೆ ಸರಿದು ತಾಳವೇ ಮುಖ್ಯವಾಯಿತು. ಸಾಹಿತ್ಯ ಇದ್ದಲ್ಲಿಯೂ ಅದು ಬಹುಪಾಲು ಇಂಗ್ಲಿಷ್ ಆಗಿರುತ್ತಿತ್ತು. ಅಂಥ ಹೊತ್ತಿನಲ್ಲಿ ಬರ್ಲಿನ್ನಿಗೆ ಬಂದು, ಯಂತ್ರಗಳ ಜೊತೆ ಕುಳಿತು, ಮನೆಮಾತಿನಲ್ಲಿ ಮೆಲ್ಲಗೆ ಹಾಡಲು ತೊಡಗಿದವರು ಇವರು.

1990ರ ದಶಕದ ಬರ್ಲಿನ್ನಿನಲ್ಲಿ ಖಾಲಿ ಬಿದ್ದಿದ್ದ ಮನೆಗಳಲ್ಲಿ, ಮುಚ್ಚಿದ ಅಂಗಡಿಗಳಲ್ಲಿ ಸಣ್ಣ ಸಣ್ಣ ಸಂಗೀತ ಕಛೇರಿಗಳು ನಡೆಯುತ್ತಿದ್ದವು. ಅದನ್ನು ಅಲ್ಲಿಯವರು ನಡುಮನೆಯ ಸಂಗೀತ ಎಂದೇ ಕರೆದರು. ದೊಡ್ಡ ಧ್ವನಿವರ್ಧಕಗಳಿಗೆ ಅಲ್ಲಿ ಜಾಗವಿಲ್ಲ. ಪಕ್ಕದ ಮನೆಯವರ ನಿದ್ದೆಯನ್ನೂ ನೋಡಿಕೊಳ್ಳಬೇಕು. ಮೋರ್ಗೆನ್‌ಸ್ಟೆರ್ನ್ ಅವರ ಗಾಯನದಲ್ಲಿ ಇಂದಿಗೂ ಉಳಿದಿರುವ ಅಳತೆ, ಕೂಗದೆ ಹೇಳುವ ಗುಣ, ಆ ಕೋಣೆಗಳಿಂದ ಬಂದದ್ದೆಂದು ನನ್ನ ಅನಿಸಿಕೆ. ಅವರನ್ನು ಮೊದಲು ಪ್ರಕಟಿಸಿದ್ದು ಮೋನಿಕಾ ಎಂಟರ್‌ಪ್ರೈಸ್ ಎಂಬ ಲೇಬಲ್. 1997ರಲ್ಲಿ ಇದನ್ನು ಕಟ್ಟಿದವರು ಗುಡ್ರುನ್ ಗುಟ್. ಐನ್‌ಶ್ಟ್ಯೂರ್ಟ್ಸೆಂಡೆ ನೊಯ್‌ಬೌಟೆನ್ ತಂಡದ ಆರಂಭದ ದಿನಗಳಲ್ಲಿಯೂ ಮಲಾರಿಯಾ ತಂಡದಲ್ಲಿಯೂ ಇದ್ದ ಅವರು, ಈ ಲೇಬಲ್ಲಿನಲ್ಲಿ ಮುಖ್ಯವಾಗಿ ಮಹಿಳೆಯರ ಸಂಗೀತವನ್ನು ಹೊರತಂದರು.

ಮೊದಲ ಆಲ್ಬಮ್ಮಿನ ಹೆಸರು 'ವರ್ಮೋನಾ ಇಟಿ-6-1'. ಅದು ಒಂದು ವಾದ್ಯದ ಹೆಸರು. ಪೂರ್ವ ಜರ್ಮನಿಯ ಕ್ಲಿಂಗೆನ್‌ಥಾಲ್ ಎಂಬಲ್ಲಿ ತಯಾರಾಗುತ್ತಿದ್ದ, ಮನೆಯಲ್ಲಿಟ್ಟುಕೊಂಡು ನುಡಿಸುವ ವಿದ್ಯುತ್ ಆರ್ಗನ್. ಬರ್ಲಿನ್ ಗೋಡೆ ಬಿದ್ದ ಮೇಲೆ ಯಾರಿಗೂ ಬೇಡವಾದ ಇಂಥ ವಾದ್ಯಗಳು ಬರ್ಲಿನ್ನಿನ ಬಡ ಕಲಾವಿದರ ಕೈಗೆ ಸುಲಭವಾಗಿ ಬಂದವು. ಈ ಆರ್ಗನ್ನಿನ ನಾದ ತೆಳು, ಕೊಂಚ ಮೂಗಿನಿಂದ ಬಂದಂಥದು, ಆದರೆ ಬಿಡದೆ ಹಿಡಿದು ನಿಲ್ಲುವಂಥದು. ಬೆಂಗಳೂರಿನ ಕೇಳುಗರಿಗೆ ಇದು ಹೊಸದೆನಿಸಲಾರದು. 1970ರ ದಶಕದ ಕೊನೆಯಲ್ಲಿ ನಮ್ಮ ಊರಿನ ಕೊಳಲುವಾದಕ ಹಾಗೂ ಎಂಜಿನಿಯರ್ ಜಿ. ರಾಜ್‌ನಾರಾಯಣ್ ರೂಪಿಸಿದ, ಮುಂದೆ ರಾಡೆಲ್ ಕಂಪನಿಯ ಮೂಲಕ ದೇಶವೆಲ್ಲ ಹರಡಿದ ಎಲೆಕ್ಟ್ರಾನಿಕ್ ತಂಬೂರಿಯ ಪೆಟ್ಟಿಗೆಯನ್ನು ಕೇಳಿ ಬೆಳೆದ ಕಿವಿಗಳು ನಮ್ಮವು. ಸಂಗೀತದ ಪಾಠ ನಡೆಯುವ ಮನೆಗಳಲ್ಲಿ ಬೆಳಿಗ್ಗೆ ಆರಕ್ಕೇ ಗುಂಯ್ಗುಡಲು ತೊಡಗುವ ಆ ಪೆಟ್ಟಿಗೆಗೂ, ಈ ವರ್ಮೋನಾಕ್ಕೂ ಕೆಲಸ ಒಂದೇ: ದನಿ ಒರಗಿಕೊಳ್ಳಲು ಒಂದು ಶ್ರುತಿಯ ಆಸರೆ. ಮೋರ್ಗೆನ್‌ಸ್ಟೆರ್ನ್ ಅದರ ಮೇಲೆ ಸ್ವರಗಳ ಗೊಂಚಲನ್ನು ಬದಲಾಯಿಸುತ್ತ ಹೋಗುತ್ತಾರೆ, ನಮ್ಮವರು ಹೋಗುವುದಿಲ್ಲ, ವ್ಯತ್ಯಾಸ ಅಲ್ಲಿದೆ. ಅದೇನೇ ಇದ್ದರೂ ಈ ಮೊದಲ ಆಲ್ಬಮ್ಮನ್ನು ಮೊದಲಿಗೇ ಕೊಳ್ಳಿರೆಂದು ನಾನು ಹೇಳಲಾರೆ. ಅದರಲ್ಲಿ ಸಾಹಿತ್ಯವಿಲ್ಲದ ತುಣುಕುಗಳೂ ಇವೆ, ಹುಡುಕಾಟದ ಒರಟುತನವೂ ಇದೆ. 2000ದ 'ಫ್ಯೋರ್ಡೆನ್' ಅದಕ್ಕಿಂತ ನಯವಾದದ್ದು. ಇವೆರಡನ್ನೂ ಅಭಿಮಾನ ಹುಟ್ಟಿದ ಮೇಲೆ ಕೊಂಡರೆ ಸಾಕು.

ಕೊಳ್ಳಲೇಬೇಕಾದ್ದು 2003ರ 'ನಿಖ್ಟ್ಸ್ ಮುಸ್'. ಯಾವುದೂ ಕಡ್ಡಾಯವಲ್ಲ ಎಂಬುದು ಹೆಸರಿನ ಭಾವ. ಇದರಲ್ಲಿ ಯಂತ್ರಗಳೂ ದನಿಯೂ ಮೊದಲ ಬಾರಿಗೆ ಸಮನಾಗಿ ಬೆರೆತಿವೆ. 'ಔಸ್ ಹೈಟರೆಮ್ ಹಿಮ್ಮೆಲ್' ಎಂಬ ಹಾಡನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ತಾಳ ಕುಣಿತದ್ದು, ಕೀಬೋರ್ಡ್ ಹೊಳೆಯುತ್ತದೆ, ಅಷ್ಟರ ಮಟ್ಟಿಗೆ ಕ್ಲಬ್ಬಿನಲ್ಲಿ ಹಾಕಬಹುದಾದ ಹಾಡು ಅದು. ಆದರೆ ಆ ತಾಳದ ಮೇಲೆ ಬರುವ ದನಿಗೆ ಕ್ಲಬ್ಬಿನ ಆವೇಶವಿಲ್ಲ. ಎದುರಿಗೆ ಕುಳಿತವರಿಗೆ ವಿಷಯ ತಿಳಿಸುವ ಹಾಗೆ, ಒಂದೊಂದು ಸ್ವರಕ್ಕೆ ಒಂದೊಂದು ಅಕ್ಷರವನ್ನು ಇಟ್ಟು, ಅಲುಗದ ನೇರ ಕಂಠದಲ್ಲಿ ಅವರು ಹಾಡುತ್ತಾರೆ. ಜರ್ಮನ್ ಭಾಷೆಯಲ್ಲಿ ಪದಗಳ ಕೊನೆಗೆ ಒತ್ತಿ ಬರುವ ಖಕಾರ, ಟಕಾರ, ಶಕಾರಗಳು ಹೇರಳ. ಬಹಳಷ್ಟು ಗಾಯಕರು ಇವನ್ನು ನುಣುಪುಗೊಳಿಸಲು ಹೆಣಗುತ್ತಾರೆ. ಇವರು ಹಾಗೆ ಮಾಡದೆ, ಆ ವ್ಯಂಜನಗಳು ತಾಳದ ಸಣ್ಣ ಸಣ್ಣ ಪೆಟ್ಟುಗಳ ಪಕ್ಕದಲ್ಲೇ ಬಿದ್ದು ಅವುಗಳ ಜೊತೆ ಸೇರಿಕೊಳ್ಳುವಂತೆ ರಾಗವನ್ನು ಕಟ್ಟಿದ್ದಾರೆ. ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಹೈ ಹ್ಯಾಟ್ ಎಂಬ ಡ್ರಮ್ಮಿನ ತಾಳದ ತಟ್ಟೆಗಳ ಶಬ್ದ ಎಲ್ಲಿ ಮುಗಿಯಿತು, ತುಟಿ ಹಲ್ಲುಗಳ ಶಬ್ದ ಎಲ್ಲಿ ತೊಡಗಿತು ಎಂದು ಬೇರ್ಪಡಿಸುವುದೇ ಕಷ್ಟವಾಗುವ ಜಾಗಗಳಿವೆ. ಇಷ್ಟನ್ನು ಅನುಭವಿಸಲು ಭಾಷೆಯ ಜ್ಞಾನ ಬೇಕಿಲ್ಲ.

ಇಲ್ಲಿ ಕನ್ನಡದ ಸುಗಮ ಸಂಗೀತದ ಅಭ್ಯಾಸ ನಮ್ಮ ಸಹಾಯಕ್ಕೆ ಬರುತ್ತದೆ ಎಂದು ನನಗೆ ಮತ್ತೆ ಮತ್ತೆ ಅನಿಸಿದೆ. ಕವಿಯ ಮಾತು ಮುಂದೆ, ವಾದ್ಯ ಹಿಂದೆ ಎಂಬುದು ನಾವು ಕೇಳಿಕೊಂಡು ಬಂದ ಕ್ರಮ. ಸಿ. ಅಶ್ವಥ್ ಶರೀಫರ ಪದವನ್ನು ಎತ್ತಿಕೊಂಡರೆ ಒಂದಕ್ಷರವೂ ನುಂಗಿಹೋಗುತ್ತಿರಲಿಲ್ಲ. ಕೇಳುವವರು ಸಾಲನ್ನು ಬರೆದುಕೊಳ್ಳಬಹುದಿತ್ತು. ಮೋರ್ಗೆನ್‌ಸ್ಟೆರ್ನ್ ಅವರಲ್ಲಿಯೂ ಅದೇ ಉಚ್ಚಾರದ ಶಿಸ್ತು ಇದೆ, ಅಶ್ವಥ್ ಅವರ ಗುಡುಗು ಮಾತ್ರ ಇಲ್ಲ. ಜೊತೆಗೆ ನಮ್ಮ ಕಿವಿ ನಿರೀಕ್ಷಿಸುವ ಗಮಕ, ಜಾರು, ಆಲಾಪಗಳ ಸುಳಿವೂ ಇಲ್ಲ. ಸ್ವರದಿಂದ ಸ್ವರಕ್ಕೆ ಮೆಟ್ಟಿಲೇರಿದಂತೆ ಹೋಗುವ ಈ ಗಾಯನ ಮೊದಲ ಕೇಳುವಿಕೆಯಲ್ಲಿ ಒಣ ಎನಿಸಿದರೆ ಆಶ್ಚರ್ಯವಿಲ್ಲ. ಒಂದೇ ಸಲ ಕುಳಿತು ಎರಡು ಆಲ್ಬಮ್ ಕೇಳಿದರೆ ದನಿಯ ಏಕರೂಪತೆ ಬೇಸರ ತರಿಸುವುದೂ ಉಂಟು. ಸಂತೋಷದ ಹಾಡಿಗೂ ದುಃಖದ ಹಾಡಿಗೂ ಕಂಠ ಒಂದೇ ಅಳತೆಯಲ್ಲಿರುತ್ತದೆ. ಬದಲಾಗುವುದೆಲ್ಲ ಕೆಳಗಿನ ವಾದ್ಯಗಳಲ್ಲಿ. ಇದನ್ನು ಸಂಯಮವೆಂದು ಕರೆಯುವವರಿದ್ದಾರೆ. ಅರ್ಧ ಸಂಯಮ, ಅರ್ಧ ಕಂಠದ ಮಿತಿ ಎಂದು ನನ್ನ ಲೆಕ್ಕ.

2006ರ 'ದ ಗ್ರಾಸ್ ಈಸ್ ಆಲ್ವೇಸ್ ಗ್ರೀನರ್' ಆಲ್ಬಮ್ಮಿಗೆ ಹೆಸರು ಇಂಗ್ಲಿಷ್‌ನಲ್ಲಿದ್ದರೂ ಹಾಡುಗಳು ಬಹುಪಾಲು ಜರ್ಮನ್. ಪಿಯಾನೊ ಇಲ್ಲಿಂದ ಮುಂದಕ್ಕೆ ಬರುತ್ತದೆ. 2008ರ 'ಬಿಎಂ'ನಲ್ಲಿ ಆ ಪಿಯಾನೊ ಇನ್ನೂ ಗಟ್ಟಿಯಾಗುತ್ತದೆ. ಇಂಗ್ಲೆಂಡಿನ ಹಿರಿಯ ಗಾಯಕ ರಾಬರ್ಟ್ ವಯಟ್ ಅದರ ಒಂದು ಹಾಡಿಗೆ ದನಿಗೂಡಿಸಿದ್ದಾರೆ. ಎರಡೂ ಒಳ್ಳೆಯ ಆಲ್ಬಮ್‌ಗಳು. ಎಲೆಕ್ಟ್ರಾನಿಕ್ ಸಂಗೀತ ಎಂದರೆ ಹೌಹಾರುವ ಹಿರಿಯರಿಗೆ ಇವುಗಳಲ್ಲಿ ಒಂದನ್ನು ಕೇಳಿಸುವುದು ಕ್ಷೇಮ.

ಆಮೇಲೆ ಬಂದದ್ದು 2012ರ 'ಸ್ವೀಟ್ ಸೈಲೆನ್ಸ್'. ಪೂರ್ತಿ ಇಂಗ್ಲಿಷ್. ಹಾಡುಗಳು ಚಿಕ್ಕವು, ಚೊಕ್ಕವು, ಕುಣಿತಕ್ಕೆ ಹತ್ತಿರವಾದವು. ತಯಾರಿಕೆಯಲ್ಲಿ ತಪ್ಪು ಹುಡುಕುವಂತಿಲ್ಲ. ಆದರೂ ಈ ಆಲ್ಬಮ್ ನನ್ನ ಮೇಲೆ ಅಂಥ ಪರಿಣಾಮ ಬೀರಲಿಲ್ಲ. ರಾಗ ಅವರದೇ, ಯಂತ್ರಗಳ ಹದವೂ ಅವರದೇ, ಆದರೆ ಮಾತು ಮತ್ತು ತಾಳದ ನಡುವಿನ ಆ ತಿಕ್ಕಾಟ ಇಲ್ಲಿ ಕಾಣೆಯಾಗಿದೆ. ಇಂಗ್ಲಿಷ್‌ನ ಸ್ವರಗಳು ಎಳೆದಷ್ಟೂ ಎಳೆಯುತ್ತವೆ. ಪಾಪ್ ಸಂಗೀತದ ಅರ್ಧ ಶತಮಾನದ ರೂಢಿ ಅವುಗಳ ಮೇಲೆ ದಟ್ಟವಾಗಿ ಕುಳಿತಿದೆ. ಆ ಭಾಷೆಯಲ್ಲಿ ಹಾಡುವಾಗ ಅವರ ದನಿ ಲಂಡನ್ನಿನ, ಸ್ಟಾಕ್‌ಹೋಮಿನ ಇನ್ನೂ ಹಲವು ತೆಳು ಕಂಠದ ಗಾಯಕಿಯರ ಸಾಲಿಗೆ ಸೇರಿಬಿಡುತ್ತದೆ. ಯಾರ ಹಾಡು ಎಂದು ಹೇಳದೆ ಕೇಳಿಸಿದರೆ ಗುರುತು ಹಿಡಿಯುವುದು ಕಷ್ಟ. 'ನಿಖ್ಟ್ಸ್ ಮುಸ್' ಆಲ್ಬಮ್ಮನ್ನು ಹಾಗೆ ಕೇಳಿಸಿದರೆ ಎರಡು ಸಾಲಿನಲ್ಲೇ ಗೊತ್ತಾಗುತ್ತದೆ.

ಯಾವ ಭಾಷೆಯಲ್ಲಿ ಹಾಡಬೇಕು ಎಂಬುದು ಬೆಂಗಳೂರಿನ ಸ್ವತಂತ್ರ ಸಂಗೀತಗಾರರಿಗೂ ಹೊಸ ಪ್ರಶ್ನೆಯಲ್ಲ. ಈ ಊರಿನ ರಾಕ್ ತಂಡಗಳು ದಶಕಗಳ ಕಾಲ ಇಂಗ್ಲಿಷ್‌ನಲ್ಲೇ ಬರೆದವು. ಇಂಗ್ಲಿಷ್‌ನಲ್ಲಿ ಹಾಡಿದರೆ ಕೇಳುಗರು ಹೆಚ್ಚು, ವೇದಿಕೆ ಹೆಚ್ಚು ಎಂಬ ಲೆಕ್ಕಾಚಾರ ಅದರ ಹಿಂದೆ ಇತ್ತು. ರಘು ದೀಕ್ಷಿತ್ ಅವರ 2008ರ ಆಲ್ಬಮ್ಮಿನಲ್ಲಿ ಕನ್ನಡದ ಹಾಡುಗಳಿದ್ದವು, ಶರೀಫರ ಪದವೂ ಇತ್ತು. ಅದನ್ನು ಹಿಡಿದುಕೊಂಡೇ ಅವರು ದೇಶ ವಿದೇಶಗಳ ವೇದಿಕೆ ಹತ್ತಿದರು. ಇವತ್ತು ಲ್ಯಾಪ್‌ಟಾಪ್ ಮತ್ತು ಒಂದು ಮೈಕ್ ಇಟ್ಟುಕೊಂಡು ಮಲಗುವ ಕೋಣೆಯಲ್ಲೇ ಹಾಡು ಕಟ್ಟುವ ಎಳೆಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಕನ್ನಡದಲ್ಲಿ ರ‍್ಯಾಪ್ ಮಾಡುವವರು ಸಿಗುತ್ತಾರೆ, ಆದರೆ ಕನ್ನಡದಲ್ಲಿ ಮೆಲುದನಿಯ ಎಲೆಕ್ಟ್ರಾನಿಕ್ ಪಾಪ್ ಕಟ್ಟುವವರನ್ನು ಹುಡುಕಬೇಕು. ದ್ವಿತ್ವ, ಒತ್ತಕ್ಷರಗಳಿಂದ ತುಂಬಿದ ನಮ್ಮ ಭಾಷೆಯನ್ನು ಸಿಂಥಸೈಜರಿನ ತಾಳಕ್ಕೆ ಹೊಂದಿಸುವ ಕೆಲಸ ಕಷ್ಟವೆಂದು ಕೈಬಿಟ್ಟವರು ಈ ಜರ್ಮನ್ ಆಲ್ಬಮ್‌ಗಳನ್ನು ಒಮ್ಮೆ ಕೇಳುವುದು ಒಳಿತು. ಮೂರು ನಾಲ್ಕು ವ್ಯಂಜನಗಳು ಒಟ್ಟಿಗೆ ಬಂದಾಗ ರಾಗ ಎಲ್ಲಿ ತುಸು ನಿಲ್ಲಬೇಕು, ಯಂತ್ರದ ತಾಳ ಎಲ್ಲಿ ಬಿಡುವು ಕೊಡಬೇಕು ಎಂಬುದಕ್ಕೆ ಇಲ್ಲಿ ಕಣ್ಣಿಗೆ ಕಾಣುವ ಪಾಠವಿದೆ. ಇದು ವಿಮರ್ಶೆಯ ದಾರಿಯಿಂದ ಸ್ವಲ್ಪ ಸರಿದ ಮಾತಾಯಿತು, ಆಲ್ಬಮ್‌ಗಳಿಗೇ ಮರಳುತ್ತೇನೆ.

ಜರ್ಮನ್‌ಗೆ ಮರಳಿದ ಮೇಲಿನ ಮುಖ್ಯ ಆಲ್ಬಮ್ 2018ರ 'ಉನ್‌ಶುಲ್ಡ್ ಉಂಡ್ ಫೆರ್‌ವ್ಯೂಸ್ಟುಂಗ್'. ಮುಗ್ಧತೆ ಮತ್ತು ವಿನಾಶ ಎಂಬ ಈ ಹೆಸರೇ ಧಾಟಿ ಬದಲಾದುದನ್ನು ಸೂಚಿಸುತ್ತದೆ. ಈ ಹೊತ್ತಿಗೆ ಅವರು ಬರ್ಲಿನ್ನಿನ ಸ್ಟಾಟ್ಸ್‌ಆಕ್ಟ್ ಎಂಬ ಮತ್ತೊಂದು ಸ್ವತಂತ್ರ ಲೇಬಲ್ಲಿಗೆ ಬಂದಿದ್ದರು. 2003ರ ಗಾಯಕಿಯ ಲವಲವಿಕೆ ಇಲ್ಲಿ ಕಡಿಮೆ. ವಯಸ್ಸಿನ ಭಾರ, ಕಾಲದ ಆತಂಕ ಹೆಚ್ಚು. ದನಿ ಒಂದು ಮೆಟ್ಟಿಲು ಕೆಳಗಿಳಿದು ಗಟ್ಟಿಯಾಗಿದೆ. ಅಷ್ಟು ವರ್ಷ ಬೇರೆ ಬೇರೆ ದಿಕ್ಕಿನಲ್ಲಿ ಅಲೆದಾಡಿ ಬಂದವರು ಮನೆಮಾತಿನಲ್ಲಿ ಮತ್ತೆ ಬರೆಯುವಾಗ ಮೊದಲಿನ ಸಂಕೋಚ ಉಳಿದಿಲ್ಲ ಎಂಬುದು ಸಾಲುಗಳ ಉದ್ದದಲ್ಲೇ ತಿಳಿಯುತ್ತದೆ. ಮೊದಲು ತುಂಡು ತುಂಡಾಗಿ ಬರುತ್ತಿದ್ದ ಮಾತು ಈಗ ಪೂರ್ಣ ವಾಕ್ಯಗಳಾಗಿ, ಕೆಲವೊಮ್ಮೆ ತಾಳದ ಗಡಿಯನ್ನು ದಾಟಿಕೊಂಡು ಹರಿಯುತ್ತದೆ. ಇದರ ನಡುವೆ ಅವರು ಮಾಡಿಕೊಂಡು ಬಂದ ಇನ್ನೊಂದು ಕೆಲಸದ ಪ್ರಭಾವವೂ ಇದ್ದೀತು. 2007ರಲ್ಲಿ ಬರ್ಲಿನ್ನಿನ ವಿಶ್ವ ಸಂಸ್ಕೃತಿಗಳ ಭವನದಲ್ಲಿ ಶುರುವಾದ ಸಮೂಹ ಗಾಯನ ತಂಡವನ್ನು ಕಟ್ಟಿ ನಡೆಸಿದವರಲ್ಲಿ ಅವರೂ ಒಬ್ಬರು. ಹತ್ತಾರು ಜನರಿಂದ ಹಾಡಿಸುವವರಿಗೆ ಉಸಿರು ಎಲ್ಲಿ ಬೇಕು ಎಂಬುದು ಚೆನ್ನಾಗಿ ತಿಳಿದಿರುತ್ತದೆ.

2024ರ 'ಇನ್ ಆಂಡರೆಮ್ ಲಿಖ್ಟ್', ಬೇರೊಂದು ಬೆಳಕಿನಲ್ಲಿ, ಅವರ ಅತ್ಯಂತ ತುಂಬಿದ ಆಲ್ಬಮ್. ಸಾಹಿತ್ಯ ಜರ್ಮನ್‌ನಲ್ಲಿದೆ. ಆದರೆ ಎಲೆಕ್ಟ್ರಾನಿಕ್ ಪಾಪ್ ಎಂಬ ಹಣೆಪಟ್ಟಿ ಇದಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಪಿಯಾನೊದ ಸುತ್ತ ಜೀವಂತ ವಾದ್ಯಗಾರರನ್ನು ಕೂಡಿಸಿ ಕಟ್ಟಿದ ಸಂಗೀತ ಇದು. ಈ ಆಲ್ಬಮ್ ತಯಾರಾದ ಬಗೆಯನ್ನು ಸಬೀನೆ ಹೆರ್ಪಿಖ್ ಎಂಬ ನಿರ್ದೇಶಕಿ ಸಾಕ್ಷ್ಯಚಿತ್ರವಾಗಿ ತೆಗೆದಿದ್ದು, ಅದು 2024ರ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗದಲ್ಲಿ ತೆರೆಕಂಡಿತು. ಮೊದಲ ಕರಡಿನಿಂದ ತಾಲೀಮಿನವರೆಗೆ, ಅಲ್ಲಿಂದ ಪ್ರಚಾರದ ಫೋಟೊ ತೆಗೆಸಿಕೊಳ್ಳುವವರೆಗೆ, ಸ್ವತಂತ್ರ ಕಲಾವಿದೆಯೊಬ್ಬರ ದಿನನಿತ್ಯದ ದುಡಿಮೆಯನ್ನು ನಿರೂಪಣೆಯ ಗದ್ದಲವಿಲ್ಲದೆ ಅದು ತೋರಿಸುತ್ತದೆ. ಅವಕಾಶ ಸಿಕ್ಕಿದರೆ ನೋಡಬೇಕು. ಆಲ್ಬಮ್ಮಿನ ಬಗ್ಗೆ ನನ್ನ ಒಂದೇ ತಕರಾರು: ವಾದ್ಯಗಳು ಹೆಚ್ಚಾದ ಕಡೆ ಮಾತು ತುಸು ಹಿಂದೆ ಸರಿಯುತ್ತದೆ, ಮತ್ತು ಯಂತ್ರದ ತಾಳಕ್ಕೂ ವ್ಯಂಜನಗಳಿಗೂ ಇದ್ದ ಆ ಹಳೆಯ ಸರಸ ಇಲ್ಲಿ ಕೇಳಸಿಗುವುದು ಅಪರೂಪ.

ಇನ್ನು ಜರ್ಮನ್ ಕಲಿಯುತ್ತಿರುವವರ ಮಾತು. ಬೆಂಗಳೂರಿನಲ್ಲಿ ಅವರ ಸಂಖ್ಯೆ ಸಣ್ಣದಲ್ಲ. ಇಂದಿರಾನಗರದ ಸಿಎಂಎಚ್ ರಸ್ತೆಯ ಮ್ಯಾಕ್ಸ್ ಮ್ಯೂಲರ್ ಭವನದ ತರಗತಿಗಳಿಂದ ಸಂಜೆ ಹೊರಬರುವವರಲ್ಲಿ ಮಾಸ್ಟರ್ಸ್ ಓದಲು ಹೊರಟ ಎಂಜಿನಿಯರುಗಳಿದ್ದಾರೆ, ಅಲ್ಲಿನ ಆಸ್ಪತ್ರೆಗಳಲ್ಲಿ ಕೆಲಸ ಹಿಡಿಯಲು ಸಿದ್ಧರಾಗುತ್ತಿರುವ ನರ್ಸ್‌ಗಳಿದ್ದಾರೆ. ಪಠ್ಯಪುಸ್ತಕದ ಜೊತೆಗೆ ಬರುವ ಧ್ವನಿಪಾಠಗಳು ಎಷ್ಟು ನೀರಸ ಎಂಬುದು ಕಲಿತವರಿಗೆ ಗೊತ್ತು. ಎ2 ಎಂಬ ಆರಂಭದ ಹಂತ ಮುಗಿಸಿ ಬಿ1 ಎಂಬ ಮಧ್ಯಮ ಹಂತಕ್ಕೆ ಬಂದವರಿಗೆ 'ನಿಖ್ಟ್ಸ್ ಮುಸ್' ಒಳ್ಳೆಯ ಅಭ್ಯಾಸ. ವೇಗ ಕಡಿಮೆ, ಉಚ್ಚಾರ ಸ್ಪಷ್ಟ, ಗ್ರಾಮ್ಯ ಪದಗಳ ಕಾಟ ಇಲ್ಲ. ಜರ್ಮನ್ ರ‍್ಯಾಪಿನಿಂದ ಭಾಷೆ ಕಲಿಯಲು ಹೊರಟವರು ಅರ್ಧ ದಾರಿಯಲ್ಲೇ ಸುಸ್ತಾಗುವುದನ್ನು ನೋಡಿದ್ದೇನೆ. ಆದರೆ ಒಂದು ಎಚ್ಚರಿಕೆ: ಪರೀಕ್ಷೆಯ ಕೇಳುವಿಕೆಯ ಭಾಗಕ್ಕೆ ಇದೊಂದೇ ಸಾಕೆಂದು ನಂಬಬಾರದು. ರೈಲು ನಿಲ್ದಾಣದ ಪ್ರಕಟಣೆಯನ್ನು ಯಾರೂ ಇಷ್ಟು ಸಾವಧಾನವಾಗಿ ಹೇಳುವುದಿಲ್ಲ.

ಈಗ ಕೊಳ್ಳುವ ವಿಚಾರ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿಯೂ ಇಂಥ ಹಾಡುಗಳು ಸಿಗುತ್ತವೆ, ಆದರೆ ಸ್ವತಂತ್ರ ಕಲಾವಿದರ ಕೈಗೆ ಅಲ್ಲಿಂದ ಬರುವುದು ಚಿಲ್ಲರೆ ಕಾಸು. ಹಣ ನೇರವಾಗಿ ತಲುಪಬೇಕೆನ್ನುವವರಿಗೆ ಸೂಕ್ತವಾದದ್ದು 2008ರಲ್ಲಿ ಆರಂಭವಾದ ಬ್ಯಾಂಡ್‌ಕ್ಯಾಂಪ್ ಎಂಬ ಆನ್‌ಲೈನ್ ಮಳಿಗೆ. ಡಿಜಿಟಲ್ ಆಲ್ಬಮ್ ಮಾರಿದರೆ ಮಳಿಗೆ ಇಟ್ಟುಕೊಳ್ಳುವುದು ಶೇಕಡಾ 15, ರೆಕಾರ್ಡ್ ಸಿಡಿಯಂಥ ವಸ್ತುಗಳಿಗೆ ಶೇಕಡಾ 10. ಪಾವತಿ ಸೇವೆಯ ಶುಲ್ಕ ಕಳೆದು ಉಳಿದದ್ದು ಕಲಾವಿದರಿಗೆ ಅಥವಾ ಅವರ ಲೇಬಲ್ಲಿಗೆ ಹೋಗುತ್ತದೆ. ಬೆಲೆ ಸಾಮಾನ್ಯವಾಗಿ ಒಂದು ಆಲ್ಬಮ್ಮಿಗೆ 8ರಿಂದ 10 ಯೂರೊ ಇರುತ್ತದೆ. ನಮ್ಮ ರೂಪಾಯಿಯಲ್ಲಿ ಅದು ಕಡಿಮೆ ಮೊತ್ತವೇನೂ ಅಲ್ಲ. ಮಲ್ಲೇಶ್ವರದ ಹೋಟೆಲಿನಲ್ಲಿ ಮನೆ ಮಂದಿಯೆಲ್ಲ ತಿಂಡಿ ತಿಂದು ಕಾಫಿ ಕುಡಿದು ಬರುವಷ್ಟು ಹಣ. ಕೊಂಡ ಮೇಲೆ ಎಂಪಿ3, ಧ್ವನಿಯ ವಿವರ ಕುಗ್ಗದ ಫ್ಲ್ಯಾಕ್, ವೇವ್ ಮುಂತಾದ ಯಾವ ರೂಪದಲ್ಲಿ ಬೇಕಾದರೂ ಇಳಿಸಿಕೊಳ್ಳಬಹುದು. ಮುಕ್ಕಾಲು ಗಂಟೆಯ ಆಲ್ಬಮ್ ಎಂಪಿ3ಯಲ್ಲಿ ಸುಮಾರು 100 ಎಂಬಿ, ಫ್ಲ್ಯಾಕ್‌ನಲ್ಲಿ ಅದರ ಎರಡೂವರೆ ಮೂರು ಪಟ್ಟು. ಚಂದಾ ನಿಂತರೆ ಹಾಡೂ ನಿಲ್ಲುವ ಭಯ ಇಲ್ಲಿಲ್ಲ. ಲೇಬಲ್ಲಿನವರು ಪುಟದಲ್ಲಿ ಸಾಹಿತ್ಯವನ್ನು ಹಾಕಿದ್ದರೆ ಹಾಡಿನ ಜೊತೆಗೇ ಓದಿಕೊಳ್ಳಬಹುದು; ಹಾಕದೆ ಇರುವವರೂ ಇದ್ದಾರೆ, ಕಲಿಯುವವರು ಕೊಳ್ಳುವ ಮುನ್ನ ಅದನ್ನು ನೋಡಿಕೊಳ್ಳಬೇಕು.

ಕಾರ್ಡಿನ ವಿಷಯದಲ್ಲಿ ನಮ್ಮ ಜನ ಸಿಕ್ಕಿಹಾಕಿಕೊಳ್ಳುವುದು ಹೆಚ್ಚು. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬ್ಯಾಂಕುಗಳು ಕೊಡುವ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಬ್ಯಾಂಕಿನ ಆ್ಯಪ್ಪಿಗೆ ಹೋಗಿ ಅಂತರರಾಷ್ಟ್ರೀಯ ಆನ್‌ಲೈನ್ ಬಳಕೆಯನ್ನು ನಾವೇ ಚಾಲೂ ಮಾಡಬೇಕು. ಅದನ್ನು ಮಾಡದೆ ಪಾವತಿ ತಿರಸ್ಕೃತವಾಯಿತೆಂದು ಮಳಿಗೆಯನ್ನು ಬೈಯುವುದು ನ್ಯಾಯವಲ್ಲ. ಕೊಂಡಾದ ಮೇಲೆ ಮತ್ತೆ ಬಂದ್ ಮಾಡಿಟ್ಟರೆ ನಿಶ್ಚಿಂತೆ. ಬೆಲೆಯ ಮೇಲೆ ಬ್ಯಾಂಕಿನವರು ವಿದೇಶಿ ವಿನಿಮಯಕ್ಕೆಂದು ಸಾಮಾನ್ಯವಾಗಿ ಶೇಕಡಾ 2ರಿಂದ 3.5ರಷ್ಟು ಸೇರಿಸುತ್ತಾರೆ, ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. ಹತ್ತು ಯೂರೊಗೆ ಇದು ದೊಡ್ಡ ಹೊರೆಯಲ್ಲ.

ಮಳಿಗೆಯವರು ತಮ್ಮ ಪಾಲನ್ನು ಪೂರ್ತಿ ಬಿಟ್ಟುಕೊಡುವ ಶುಕ್ರವಾರಗಳಿವೆ. ಕೋವಿಡ್ ಆರಂಭದಲ್ಲಿ, 2020ರ ಮಾರ್ಚ್ 20ರಂದು ಶುರುವಾದ ಪದ್ಧತಿ ಇದು. ಈಗ ವರ್ಷದಲ್ಲಿ ಆಯ್ದ ಕೆಲವು ಶುಕ್ರವಾರಗಳಂದು ನಡೆಯುತ್ತದೆ. ನಮ್ಮವರು ಎಡವುವುದು ಗಡಿಯಾರದಲ್ಲಿ. ಅವರ ಶುಕ್ರವಾರ ಅಮೆರಿಕದ ಪಶ್ಚಿಮ ತೀರದ ಸಮಯದ್ದು. ಅಂದರೆ ಬೆಂಗಳೂರಿನಲ್ಲಿ ಅದು ಶುಕ್ರವಾರ ಮಧ್ಯಾಹ್ನ 12.30ಕ್ಕೆ, ಚಳಿಗಾಲದಲ್ಲಿ 1.30ಕ್ಕೆ ಆರಂಭವಾಗಿ ಶನಿವಾರ ಅದೇ ಹೊತ್ತಿನವರೆಗೆ ಇರುತ್ತದೆ. ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಕೊಂಡರೆ ಗಾಯಕಿಗೆ ಆ ಶೇಕಡಾ 15 ಸಿಗುವುದಿಲ್ಲ. ಊಟದ ಹೊತ್ತು ಕಳೆದ ಮೇಲೆ ಕೊಳ್ಳಬೇಕು. ಈ ಮಳಿಗೆಯೂ 2022ರಲ್ಲಿ ಎಪಿಕ್ ಗೇಮ್ಸ್ ಕಂಪನಿಯ ಕೈಸೇರಿ, 2023ರಲ್ಲಿ ಸಾಂಗ್‌ಟ್ರೇಡರ್ ಕಂಪನಿಗೆ ಮಾರಾಟವಾಯಿತು. ಆ ಸಂದರ್ಭದಲ್ಲಿ ಸುಮಾರು ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ಆದ್ದರಿಂದ ಕೊಂಡ ಹಾಡುಗಳನ್ನು ಮಳಿಗೆಯ ಭರವಸೆಯ ಮೇಲೆ ಬಿಡದೆ, ಇಳಿಸಿ ಒಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು ಜಾಣತನ.

ವಿನೈಲ್ ರೆಕಾರ್ಡನ್ನೇ ತರಿಸಬೇಕೆಂಬ ಆಸೆ ಇರುವವರಿಗೆ ನನ್ನ ಸಲಹೆ: ಬೇಡ. ಅಂಚೆ ವೆಚ್ಚವೇ ಹಲವೊಮ್ಮೆ ರೆಕಾರ್ಡಿನ ಬೆಲೆಯನ್ನು ಮುಟ್ಟುತ್ತದೆ, ಅದರ ಮೇಲೆ ಸುಂಕ. ನಾನು ಹೆಸರು ಹೇಳಲು ಇಚ್ಛಿಸದ ಒಂದು ಕೊರಿಯರ್ ಸಂಸ್ಥೆ ನನಗೆ ತಂದುಕೊಟ್ಟ ರಟ್ಟಿನ ಪೊಟ್ಟಣದ ಒಂದು ಮೂಲೆ ಪೂರ್ತಿ ಮಡಿಚಿತ್ತು. ರೆಕಾರ್ಡ್ ಉಳಿದಿತ್ತು, ಕವಚ ಹರಿದಿತ್ತು. ದೂರಿಗೆ ಬಂದ ಉತ್ತರ, ಒಳಗಿನ ವಸ್ತು ಸರಿಯಿದೆಯಲ್ಲ ಎಂಬುದಷ್ಟೇ.

ಕೇಳುವ ಸಲಕರಣೆಯ ಬಗ್ಗೆಯೂ ಒಂದು ಮಾತು ಬೇಕು. ಫೋನಿನ ಸ್ಪೀಕರಿನಲ್ಲಿ ಈ ಸಂಗೀತದ ಅರ್ಧ ಭಾಗ ಕೇಳುವುದೇ ಇಲ್ಲ. ಕೆಳಗಿನ ಸ್ವರಗಳು ಮಾಯವಾಗಿ, ಮೇಲಿನ ತೆಳು ದನಿ ಮಾತ್ರ ಉಳಿಯುತ್ತದೆ. ದುಬಾರಿ ಹೆಡ್‌ಫೋನ್ ಬೇಕಿಲ್ಲ. ಸಾಧಾರಣ ತಂತಿ ಇಯರ್‌ಫೋನ್ ಸಾಕು, ಫ್ಲ್ಯಾಕ್ ಕಡತಗಳಿಗೆ ಬ್ಲೂಟೂತಿಗಿಂತ ಅದೇ ಮೇಲು. ನೇರಳೆ ಮಾರ್ಗದ ಮೆಟ್ರೊದಲ್ಲಿ ಸಂಜೆ ಆರರ ಜನಜಂಗುಳಿಯ ನಡುವೆ ಈ ಹಾಡುಗಳು ಸೋಲುತ್ತವೆ. ರಾತ್ರಿ ಊಟವಾದ ಮೇಲೆ, ರಸ್ತೆಯ ಹಾರ್ನ್ ಕಡಿಮೆಯಾದ ಹೊತ್ತಿನಲ್ಲಿ ಕೇಳಿದರೆ ಪದರಗಳು ಬಿಡಿಸಿಕೊಳ್ಳುತ್ತವೆ.

ಒಂದೇ ಆಲ್ಬಮ್ಮಿಗೆ ಹಣ ಹಾಕುವವರು 'ನಿಖ್ಟ್ಸ್ ಮುಸ್' ಕೊಳ್ಳಲಿ. ಎರಡಕ್ಕೆ ಹಾಕುವವರು ಅದರ ಜೊತೆಗೆ 2018ರ ಆಲ್ಬಮ್ಮನ್ನು ಸೇರಿಸಿಕೊಳ್ಳಲಿ. ಹದಿನೈದು ವರ್ಷಗಳ ಅಂತರದಲ್ಲಿ ದನಿಗೆ ಏನಾಯಿತೆಂದು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಕೇಳಬಹುದು. ಪಿಯಾನೊ ಇಷ್ಟಪಡುವವರಿಗೆ 'ಬಿಎಂ'. 2024ರದ್ದು ಆಮೇಲೆ. 'ಸ್ವೀಟ್ ಸೈಲೆನ್ಸ್' ಆಲ್ಬಮ್ಮನ್ನು ಪುಟದಲ್ಲೇ ಒಮ್ಮೆ ಉಚಿತವಾಗಿ ಕೇಳಿ ಮುಂದೆ ಹೋದರೆ ನಷ್ಟವೇನೂ ಇಲ್ಲ.